ಬೆಳ್ಳಿಯನ್ನು ಗಾಡಿ ಹತ್ತಿಸಿದವನು

ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯ ಸುಮನಾ ಮೈಸೂರಿನವಳು. ಯುಗಾದಿಗೆ ಅವಳು ಒಬ್ಬಟ್ಟು ತರುತ್ತಾಳೆ, ಈದಿಗೆ ನಾವು ಶೀರ್‌ಕುರ್ಮಾ ಕಳಿಸುತ್ತೇವೆ. ಅದಕ್ಕಿಂತ ಹೆಚ್ಚಿನ ಬಳಕೆ ಇರಲಿಲ್ಲ. ಹೋದ ತಿಂಗಳು ಮಗಳು ಅನಘಾಳನ್ನು ಕರೆದುಕೊಂಡು ಬಂದವಳು ಸೋಫಾದ ತುದಿಯಲ್ಲಿ ಕುಳಿತು, ಚಹಾ ಮುಟ್ಟದೆ, ಸೀದಾ ವಿಷಯಕ್ಕೆ ಬಂದಳು.

"ಅಂಕಲ್, ನೀವೇ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಡಾಕ್ಟರ್ ಆಗ್ತಾಳೆ ಅಂದ್ಕೊಂಡಿದ್ವಿ. ದನದ ಡಾಕ್ಟರ್ ಆಗ್ತೀನಿ ಅಂದ್ಲು, ಅದಕ್ಕೂ ಹೂಂ ಅಂದ್ವಿ. ಈಗ ನೋಡಿದ್ರೆ ಯಾವುದೋ ರಾಂಚಲ್ಲಿ ಮಾಂಸದ ದನ ಸಾಕೋ ಕೆಲಸಕ್ಕೆ ಸೇರ್ತಾಳಂತೆ. ಮೈಸೂರಲ್ಲಿ ನಮ್ಮತ್ತೆಗೆ ನಾನು ಏನಂತ ಹೇಳ್ಲಿ?"

ಆ ಕೆಲಸವನ್ನೇ ಇಡೀ ಜನ್ಮ ಮಾಡಿದವನ ಮುಂದೆ ಹೀಗೆ ಹೇಳುತ್ತಿದ್ದೇನೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಮುಖ ಕೆಂಪಾಯಿತು. ನನಗೆ ಬೇಸರವೇನೂ ಆಗಲಿಲ್ಲ. ಹುಡುಗಿ ಮಾತ್ರ ಅಮ್ಮನ ಕಡೆ ನೋಡದೆ ನನ್ನನ್ನು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಸಾಕಿದ ದನವನ್ನು ಕೊನೆಗೆ ಕಳಿಸುವುದು ಅಭ್ಯಾಸವಾಗಿಬಿಡುತ್ತದೆಯೇ ಎಂದು.

ಬರೆದು ಕೊಡುತ್ತೇನೆ ತಾಯಿ ಎಂದೆ. ನನಗೆ ಬರೆಯಲು ಬರುವುದು ಕನ್ನಡ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇದನ್ನು ಸುಮನಾಳೇ ಗಟ್ಟಿಯಾಗಿ ಓದಿ ಹೇಳಬೇಕು. ಪಾಪ, ಅವಳಿಗೆ ಕಷ್ಟವೇ. ಕ್ಷಮಿಸಮ್ಮ ಸುಮನಾ, ನಡುವೆ ನಿಲ್ಲಿಸಬೇಡ.

ನನ್ನ ಹೆಸರು ಖಾಜಾಸಾಬ. ವಿಜಾಪುರದ ಕಡೆಯವನು. ನಮ್ಮಪ್ಪ ಎತ್ತುಗಳಿಗೆ ನಾಲ ಬಡಿಯುವವರು. ಸಂತೆಯ ದಿನ ಬೇವಿನ ಮರದ ಕೆಳಗೆ ಕೂತರೆ ಸಂಜೆಯವರೆಗೆ ಎದ್ದೇಳಲು ಬಿಡುವಿರುತ್ತಿರಲಿಲ್ಲ. ಎತ್ತನ್ನು ಹಗ್ಗ ಹಾಕಿ ಕೆಡವಬೇಕು, ಆದರೆ ಅದು ತಾನಾಗಿ ಮಲಗಿದ ಹಾಗೆ ಮಲಗಬೇಕು, ಧಪ್ಪೆಂದು ಬಿದ್ದರೆ ಅಪ್ಪ ನನ್ನ ಬೆನ್ನಿಗೆ ಒಂದು ಕೊಡುತ್ತಿದ್ದರು. ನಮ್ಮ ಮನೆ ಮಾತು ಉರ್ದು. ದನಗಳ ಜೊತೆ ಮಾತ್ರ ಕನ್ನಡ, ಏಕೆಂದರೆ ದನ ರೈತರದು, ಅವಕ್ಕೆ ಬರುತ್ತಿದ್ದುದು ಅದೇ. ಆಕಳಿದ್ದರೆ ಅಪ್ಪ "ಬಾರವ್ವ, ನನ್ನವ್ವ" ಎಂದು ಕರೆಯುತ್ತಿದ್ದರು. ನನ್ನ ತಂಗಿಯನ್ನು ಕರೆಯುತ್ತಿದ್ದುದೂ ಅದೇ ಮಾತಿನಿಂದ. ಮನೆಯಲ್ಲಿ ಉಳಿದದ್ದೆಲ್ಲ ಉರ್ದು, ಅದೊಂದು ಮಾತು ಮಾತ್ರ ಸಂತೆಯಿಂದ ಒಳಗೆ ಬಂದು ಕೂತಿತ್ತು.

ನನ್ನ ಹೆಂಡತಿ ಶಮೀಮ ನರ್ಸು. ಅವಳ ಕೆಲಸದ ಮೇಲೆ ನಾವು ಈ ದೇಶಕ್ಕೆ ಬಂದೆವು, ಬಾಡಿಗೆ ಕಡಿಮೆ ಎಂದು ಮಾರ್ಗನ್ ಹಿಲ್‌ನಲ್ಲಿ ಮನೆ ಹಿಡಿದೆವು. ಅವಳು ದಿನಾ ಫ್ರೀವೇ ಹಿಡಿದು ಸ್ಯಾನ್ ಹೋಸೆಯ ಆಸ್ಪತ್ರೆಗೆ ಹೋಗುವಳು, ನಾನು ಮನೆಯಲ್ಲಿ ಕೂತು ಕಿಟಕಿಯಿಂದ ಗುಡ್ಡದ ಮೇಲಿನ ಕೆಂಪು ದನಗಳನ್ನು ನೋಡುವವನು. ಒಂದು ದಿನ ನೋಡುತ್ತಾ ನೋಡುತ್ತಾ ಅಲ್ಲಿಗೇ ನಡೆದುಬಿಟ್ಟೆ. ಬೇಲಿಯ ಒಳಗೆ ಒಬ್ಬ ಎತ್ತರದ ಹೆಂಗಸು ಒಂದು ಆಕಳ ಕಾಲನ್ನು ಹಿಡಿಯಲು ಒದ್ದಾಡುತ್ತಿದ್ದಳು. ಗೊರಸು ಬೆಳೆದು ಸೊಟ್ಟಗಾಗಿತ್ತು. ನಾನು ಬೇಲಿ ದಾಟಿ, ಹೇಳದೆ ಕೇಳದೆ ಆಕಳ ಪಕ್ಕೆಗೆ ಭುಜ ಕೊಟ್ಟು, ಕಾಲನ್ನು ಮಡಿಲಿಗೆ ತೆಗೆದುಕೊಂಡೆ. ಆಕೆಯೇ ರೂತ್, ಆ ರಾಂಚಿನ ಒಡತಿ. ಮುಂದೆ ಇಷ್ಟು ವರ್ಷ ನನ್ನ ಯಜಮಾನಿ. ಅವತ್ತು ಕೆಲಸ ಮುಗಿದ ಮೇಲೆ ಗೊರಸನ್ನು ತಿರುಗಿಸಿ ನೋಡಿ "ನಡೆಯುತ್ತದೆ" ಎಂದಳು. ಅದಕ್ಕಿಂತ ದೊಡ್ಡ ಮೆಚ್ಚುಗೆ ಆಕೆಯ ಬಾಯಿಂದ ಬರುವುದಿಲ್ಲ ಎಂದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು.

ರೂತ್‌ಳದು ಹೆರ್ಫರ್ಡ್ ತಳಿ. ಕೆಂಪು ಮೈ, ಬಿಳಿ ಮುಖ. ಒಂದೊಂದಕ್ಕೂ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಆಕೆಗೆ ಬಾಯಿಪಾಠ. ಚಂದದ ಹೋರಿ, ಕಡಸುಗಳನ್ನು ಪ್ರದರ್ಶನಕ್ಕೆ ಒಯ್ಯುವುದು, ಉಳಿದವನ್ನು ಮಾಂಸಕ್ಕೆ ಬೆಳೆಸುವುದು. ನೋಡಲು ಚಂದ ಬೇರೆ, ತಿನ್ನಲು ರುಚಿ ಬೇರೆ ಎನ್ನುವವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಬೆನ್ನು ನೆಟ್ಟಗಿದ್ದು, ನಡಿಗೆ ಹಗುರಾಗಿದ್ದು, ಮೇಯುವಾಗ ಗಾಬರಿಯಿಲ್ಲದ ದನದ ಮಾಂಸವೇ ರುಚಿ ಎಂದು ವಾದಿಸುತ್ತಿದ್ದಳು.

ಮೊದಲ ಪ್ರದರ್ಶನದಲ್ಲಿ ನಾನು ಆಕೆಯ ಮಾನ ಕಳೆದೆ. ನಮ್ಮ ಕಡೆ ಎತ್ತನ್ನು ನಾಲ್ಕು ಜನರ ಮುಂದೆ ತರುವುದಿದ್ದರೆ ಕೊಂಬಿಗೆ, ಮೈಗೆ ಎಣ್ಣೆ ತಿಕ್ಕುತ್ತೇವೆ, ಮಿರಮಿರ ಮಿಂಚಬೇಕು. ನಾನು ಬೆಳಗ್ಗೆ ಎದ್ದು ಶಮೀಮಳ ತೆಂಗಿನೆಣ್ಣೆಯ ಬಾಟಲಿಯನ್ನೆಲ್ಲ ಒಂದು ಹೋರಿಗೆ ತಿಕ್ಕಿ ನಿಲ್ಲಿಸಿದೆ. ಇಲ್ಲಿಯ ಪದ್ಧತಿ ಪೂರಾ ಉಲ್ಟಾ. ಶಾಂಪೂ ಹಾಕಿ ತೊಳೆದು, ದೊಡ್ಡ ಬ್ಲೋವರಿನಿಂದ ಒಣಗಿಸಿ, ಕೂದಲನ್ನು ಮೇಲಕ್ಕೆ ಬಾಚಿ ಬಾಚಿ ಮೈ ತುಂಬಿದ ಹಾಗೆ ಕಾಣಿಸಬೇಕು. ನನ್ನ ಹೋರಿಯ ಕೂದಲೆಲ್ಲ ಮೈಗೆ ಅಂಟಿ, ತಿಂಗಳು ಜ್ವರ ಬಂದು ಎದ್ದ ಹಾಗೆ ಕಾಣುತ್ತಿತ್ತು. ತೀರ್ಪುಗಾರ ಬೆನ್ನ ಮೇಲೆ ಕೈಯಿಟ್ಟು, ಕೈ ಮೂಸಿ ನೋಡಿಕೊಂಡು, ಕರವಸ್ತ್ರ ತೆಗೆದ. ರೂತ್ ವಾರವಿಡೀ ಮಾತಾಡಲಿಲ್ಲ. ಶಮೀಮಳ ತಕರಾರು ಬೇರೆ. ಮದುವೆಯಾದಾಗಿನಿಂದ ನನ್ನ ತಲೆಗೆ ಒಂದು ಹನಿ ಹಚ್ಚಿದ ಗಂಡಸಲ್ಲ, ಹೋರಿಗೆ ಬಾಟಲಿ ಸುರಿದ ಎಂದು ಈಗಲೂ ಬಂದವರ ಮುಂದೆ ಹೇಳುತ್ತಾಳೆ.

ಆಮೇಲೆ ಬಾಚುವುದನ್ನು ಕಲಿತೆ. ಹೊಸ ಕಾಲದ ಪದ್ಧತಿಗಳೂ ಬಂದವು. ಮೊದಲು ರೂತ್ ಪಕ್ಕೆಯ ಮೇಲೆ ಬೆರಳಾಡಿಸಿ ಒಳಗೆ ಕೊಬ್ಬು ಎಷ್ಟು ಹೆಣೆದುಕೊಂಡಿದೆ ಎಂದು ಹೇಳುತ್ತಿದ್ದಳು. ನಂತರ ಸ್ಕ್ಯಾನಿಂಗಿನ ಯಂತ್ರ ಬಂತು, ಬಸುರಿಯ ಹೊಟ್ಟೆ ನೋಡುವ ಹಾಗೆ ಪರದೆಯ ಮೇಲೆ ಮಾಂಸ ನೋಡುವುದಾಯಿತು. ಆಕೆ ಯಂತ್ರವನ್ನು ಬೈಯಲಿಲ್ಲ. ಕಣ್ಣಿಗಿಂತ ಅದು ಚೆನ್ನಾಗಿಯೇ ನೋಡುತ್ತದೆ, ಆದರೆ ದನಕ್ಕೆ ಹೆದರಿಕೆಯಾಗಿದೆಯೇ ಎಂದು ಅದಕ್ಕೆ ಕಾಣುವುದಿಲ್ಲ ಎನ್ನುತ್ತಿದ್ದಳು.

ಹೆದರಿಕೆಯ ವಿಷಯ ನೀನು ಸರಿಯಾಗಿ ಕೇಳಬೇಕು ಅನಘಾ. ಒಂದು ಸಲ ನಾನು ಊರಿಗೆ ಹೋಗಿದ್ದಾಗ ರೂತ್ ಕೂಲಿಯವರನ್ನು ಕರೆಸಿ ಹೋರಿಗಳನ್ನು ಕಸಾಯಿಖಾನೆಯ ಗಾಡಿಗೆ ಹತ್ತಿಸಿದ್ದಳು. ಅವರು ಅವಸರದವರು, ಕೂಗಿದರು, ಕರೆಂಟಿನ ಕೋಲು ಮುಟ್ಟಿಸಿದರು. ಎರಡು ವರ್ಷ ಅಂಗೈಯಲ್ಲಿ ಸಾಕಿದ ದನ ಹೆದರಿ ಬೆವರಿ ಹೋದವು. ಮಾಂಸ ಕಪ್ಪಾಗಿ, ರಬ್ಬರಿನ ಹಾಗೆ ಬಂತು. ಹೆದರಿದ ದನದ ಮಾಂಸ ಹಾಗೇ ಆಗುತ್ತದೆ, ಸ್ನಾಯುವಿನ ಶಕ್ತಿಯೆಲ್ಲ ಆ ಗಾಬರಿಯಲ್ಲೇ ಸುಟ್ಟುಹೋಗುತ್ತದೆ. ನಾನು ಮರಳಿ ಬಂದ ದಿನವೇ ರೂತ್ ಹೇಳಿದಳು, ಇನ್ನು ಮುಂದೆ ನೀನು ಹತ್ತಿಸದೆ ಒಂದು ದನವೂ ಈ ಗೇಟು ದಾಟುವುದಿಲ್ಲ ಎಂದು.

ಅಂದಿನಿಂದ ಅದು ನನ್ನ ಕೆಲಸವಾಯಿತು. ಕರುವಿಗೆ ಮುಖದ ಹಗ್ಗ ಹಾಕಿ ಮೊದಲು ನಡೆಸುವವನೂ ನಾನೇ, ಕೊನೆಗೆ ಗಾಡಿಗೆ ಹಾಕಿದ ಹಲಗೆಯ ಮೇಲೆ ನಡೆಸುವವನೂ ನಾನೇ. ನಾನು ಗಾಡಿಯ ಒಳಗೆ ಹೋಗಿ ನಿಂತು ಕರೆದರೆ ಅವು ಬರುತ್ತಿದ್ದವು. ಹಗ್ಗ ಎಳೆಯುವುದು ಬೇಕಿರಲಿಲ್ಲ. ನಾನು ಕರೆದಾಗಲೆಲ್ಲ ಹುಲ್ಲೋ ನೀರೋ ನೆರಳೋ ಸಿಕ್ಕಿತ್ತು, ಅನುಮಾನ ಪಡಲು ಅವಕ್ಕೆ ಕಾರಣವೇ ಇರಲಿಲ್ಲ.

ಇನ್ನೊಂದು ಮಾತು, ಸುಮನಾ ಅವತ್ತು ಕೇಳಲು ಸಂಕೋಚಪಟ್ಟದ್ದು. ನಾನು ಆ ಮಾಂಸ ತಿಂದವನೇ? ದನದ ಮಾಂಸ ತಿನ್ನುತ್ತೇನೆ, ಆದರೆ ಹಲಾಲ್ ಅಂಗಡಿಯದು. ರೂತ್‌ಳ ದನಗಳು ಹೋಗುತ್ತಿದ್ದ ಕಡೆ ಆ ಪದ್ಧತಿ ಇರಲಿಲ್ಲ. ನಡೆಯುತ್ತದೆ ಎನ್ನುವವರೂ ಇದ್ದಾರೆ, ನಮ್ಮ ಮನೆಯಲ್ಲಿ ನಡೆಯಲಿಲ್ಲ. ಹಾಗಾಗಿ ಇಡೀ ಬದುಕು ಯಾವ ರುಚಿಗಾಗಿ ದುಡಿದೆನೋ ಅದು ನನ್ನ ನಾಲಿಗೆಗೆ ಗೊತ್ತೇ ಇಲ್ಲ. ರೂತ್ ಪ್ರತಿ ದನದ ಒಂದು ತುಂಡನ್ನು ಬರೀ ಉಪ್ಪು ಹಾಕಿ ಸುಟ್ಟು, ನನ್ನನ್ನು ಎದುರಿಗೆ ಕೂರಿಸಿಕೊಂಡು, ತಿಂದು ಹೇಳುತ್ತಿದ್ದಳು. ಇದು ಅಕ್ರೋಟಿನ ಹಾಗಿದೆ, ಇದು ಬೆಣ್ಣೆ, ಇದು ಒಣಹುಲ್ಲಿನ ವಾಸನೆ. ನಾನು ಚಹಾ ಕುಡಿಯುತ್ತಾ ಕೇಳುತ್ತಿದ್ದೆ. ನನಗೆ ಅದರ ರುಚಿ ಆಕೆಯ ಮಾತಿನಲ್ಲೇ ಇತ್ತು.

ಈಗ ಬೆಳ್ಳಿಯ ವಿಷಯ. ಇಷ್ಟು ಹೊತ್ತು ಅದನ್ನು ಮುಂದೂಡುತ್ತಲೇ ಬಂದಿದ್ದೇನೆ.

ಬೆಳ್ಳಿಯ ತಾಯಿ ಈಯುವಾಗಲೇ ಸತ್ತಿತು. ಕರುವನ್ನು ನಾನು ಬಾಟಲಿ ಹಾಲಿನಲ್ಲಿ ಸಾಕಿದೆ. ನನ್ನ ಮಗಳು ನಸ್ರೀನ್ ಆಗ ಹೈಸ್ಕೂಲು. ಶಾಲೆ ಬಿಟ್ಟು ಸೀದಾ ಅಲ್ಲಿಗೆ ಬರುವಳು. ಅವಳನ್ನೂ ನಾನು ಅಪ್ಪನ ಮಾತಿನಿಂದಲೇ ಕರೆಯುತ್ತಿದ್ದೆ, "ಬಾರವ್ವ" ಎಂದರೆ ಇಬ್ಬರೂ ತಿರುಗಿ ನೋಡುತ್ತಿದ್ದರು. ನಸ್ರೀನ್‌ಳಿಗೆ ಸಿಟ್ಟು ಬರುತ್ತಿತ್ತು, ನನಗೆ ನಗು.

ಬೆಳ್ಳಿ ಬೆಳೆದು ನಿಂತಾಗ ಅಂಥ ಕಡಸು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಪ್ರದರ್ಶನಕ್ಕೆ ಒಯ್ದೆವು. ರಿಂಗಿನಲ್ಲಿ ದನ ನಡೆಸುವುದು ಯಜಮಾನರ ಹಕ್ಕು ಎಂದು ರೂತ್ ತಾನೇ ಹಗ್ಗ ಹಿಡಿದಳು. ಬೆಳ್ಳಿ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟಿತು. ರೂತ್ ಇಂಗ್ಲಿಷಿನಲ್ಲಿ ಬೇಡಿಕೊಂಡಳು, ಗದರಿದಳು, ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನೋಡಲಾಗದೆ ನಾನು ಬೇಲಿಯ ಹೊರಗಿನಿಂದ "ಬಾರವ್ವ ಬೆಳ್ಳಿ" ಎಂದೆ. ಅಷ್ಟೇ ಸಾಕಾಯಿತು, ರೂತ್‌ಳನ್ನೂ ಎಳೆದುಕೊಂಡು ಬೇಲಿಗೆ ಬಂದು ನನ್ನ ಎದೆಗೆ ಮುಖ ಒರಗಿಸಿ ನಿಂತಿತು. ಜನ ಬಿದ್ದು ಬಿದ್ದು ನಕ್ಕರು. ಈ ಆಕಳನ್ನು ತೋರಿಸುತ್ತಿರುವವರು ಒಳಗಿದ್ದಾರೋ ಹೊರಗಿದ್ದಾರೋ ಎಂದು ತೀರ್ಪುಗಾರ ಮೈಕಿನಲ್ಲಿ ಕೇಳಿದ. ರೂತ್ ಹಗ್ಗವನ್ನು ನನ್ನ ಕೈಗೆ ಕೊಟ್ಟು ಆಚೆ ಹೋದಳು. ಅವತ್ತು ಬೆಳ್ಳಿ ಗೆದ್ದಿತು. ಮನೆಗೆ ಹೋಗುವ ದಾರಿಯಲ್ಲಿ ರೂತ್ ಟ್ರಕ್ಕು ಓಡಿಸುತ್ತಾ ಬಾರವ್ವ, ಬಾರವ್ವ ಎಂದು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಆಕೆಯ ಬಾಯಲ್ಲಿ ಅದು ಕೊನೆಯವರೆಗೂ "ಬರಾವಾ" ಎಂದೇ ಉಳಿಯಿತು, ಬೆಳ್ಳಿ ಅದಕ್ಕೆ ಒಮ್ಮೆಯೂ ಬರಲಿಲ್ಲ.

ಬೆಳ್ಳಿ ವರ್ಷಕ್ಕೊಂದು ಕರು ಕೊಟ್ಟಿತು. ನಾವೆಲ್ಲ ಮುದುಕರಾದೆವು. ರೂತ್‌ಳಿಗೆ ಮರೆವು ಶುರುವಾಯಿತು. ಮೊದಲು ಜನರ ಹೆಸರು, ಆಮೇಲೆ ದನಗಳ ಹೆಸರು. ದನಗಳ ಹೆಸರು ಹೋದ ದಿನ ನಾನು ಕೊಟ್ಟಿಗೆಯ ಹಿಂದೆ ನಿಂತು ಅತ್ತೆ. ಆಕೆಯ ಮಗ ಬಂದು ಲಾಸ್ ಆಲ್ಟೋಸ್‌ಗೆ ತನ್ನ ಮನೆಗೆ ಕರೆದುಕೊಂಡು ಹೋದ. ರಾಂಚು ಮಾರುವುದಾಯಿತು, ದನಗಳು ಒಂದೊಂದಾಗಿ ಹೋದವು. ನನಗೂ ಮೊಣಕಾಲು ಕೈಕೊಟ್ಟಿತ್ತು. ನಾವು ಡಬ್ಲಿನ್ನಿಗೆ ಮಗಳ ಹತ್ತಿರ ಬಂದೆವು.

ಬೆಳ್ಳಿಯನ್ನು ಕೊಂಡವನು ಉತ್ತರಕ್ಕೆ, ಸಮುದ್ರದ ಕಡೆ ರಾಂಚು ಇದ್ದ ಡೇವ್ ಎನ್ನುವವನು. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವನಲ್ಲ. ಕರು ಹಾಕುತ್ತಿರುವವರೆಗೆ ಇಟ್ಟುಕೊಳ್ಳುತ್ತೇನೆ ಎಂದ. ಅದಕ್ಕಿಂತ ಹೆಚ್ಚಿನ ಮಾತನ್ನು ಈ ಕೆಲಸದಲ್ಲಿ ಯಾರೂ ಕೊಡುವುದಿಲ್ಲ, ನಾನೂ ಕೇಳಲಿಲ್ಲ. ಪ್ರತಿ ವರ್ಷ ಮಳೆ ಶುರುವಾಗುವ ಮುಂಚೆ ಫೋನು ಮಾಡಿ ಬೆಳ್ಳಿ ಗಬ್ಬವೇ ಎಂದು ಕೇಳುತ್ತಿದ್ದೆ. ಹೌದು ಎಂದರೆ ಇನ್ನೊಂದು ವರ್ಷದ ನೆಮ್ಮದಿ.

ಹೋದ ವರ್ಷ ನಾನು ಫೋನು ಮಾಡುವ ಮೊದಲೇ ಅವನ ಫೋನು ಬಂತು. ಬೆಳ್ಳಿ ಗಬ್ಬ ನಿಂತಿಲ್ಲ. ಹುಲ್ಲಿನಲ್ಲೇ ಮುಪ್ಪಾದ ಆಕಳ ಮಾಂಸಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಹೋಟೆಲಿನ ಅಡುಗೆಯವನು ಕಾದಿದ್ದಾನೆ. ನಿನಗೆ ಇಟ್ಟುಕೊಳ್ಳಲು ಜಾಗ ಇದ್ದರೆ ಹೇಳು, ಸುಮ್ಮನೆ ಕೊಟ್ಟುಬಿಡುತ್ತೇನೆ, ವಾರದೊಳಗೆ ತಿಳಿಸು ಎಂದ. ನಾವಿರುವುದು ಎರಡನೇ ಮಹಡಿಯಲ್ಲಿ. ಗುರುತಿನ ರಾಂಚಿನವರನ್ನೆಲ್ಲ ಕೇಳಿದೆ. ಕರು ಹಾಕದ ಆಕಳಿಗೆ ಅವರಲ್ಲಿ ಹುಲ್ಲಿರಲಿಲ್ಲ. ಮುದಿ ದನಗಳನ್ನು ಸಾಕುವ ಒಂದು ಕಡೆ ಕೇಳಿದೆ, ಜಾಗ ತುಂಬಿದೆ ಎಂದರು. ಜನ್ಮವಿಡೀ ಬೇರೆಯವರ ದನಗಳನ್ನು ಸಾಕಿದೆ, ನನ್ನದು ಅನ್ನುವ ಒಂದನ್ನು ಕಟ್ಟಿ ಹಾಕಲು ಒಂದು ಗೂಟದ ಜಾಗ ನನಗಿರಲಿಲ್ಲ.

ವಾರ ಕಳೆದು ಒಂದು ಬೆಳಗ್ಗೆ, ನಾಷ್ಟಾ ಮಾಡುತ್ತಿದ್ದಾಗ, ಮತ್ತೆ ಡೇವ್‌ನ ಫೋನು. ಬೆಳ್ಳಿ ಗಾಡಿ ಹತ್ತುತ್ತಿಲ್ಲ. ಕಾಲು ಊರಿ ನಿಂತುಬಿಟ್ಟಿದೆ, ಹಲಗೆಯ ಹತ್ತಿರ ಹೋದರೆ ನಡುಗುತ್ತದೆ. ಗಾಡಿಯವನು ಕರೆಂಟಿನ ಕೋಲು ತೆಗೆದಿದ್ದಾನೆ. ತಡೆದು ನಿಲ್ಲಿಸಿದ್ದೇನೆ, ಹೆಚ್ಚು ಹೊತ್ತು ಆಗುವುದಿಲ್ಲ. ಫೋನಿನಲ್ಲಿ ನೀನು ಒಮ್ಮೆ ಕರೆಯುತ್ತೀಯಾ?

ನಾನು ಆಗುವುದಿಲ್ಲ ಎಂದೆ. ಅದಕ್ಕೆ ಗೊತ್ತಾಗಿದೆ ಡೇವ್, ಅದಕ್ಕೇ ನಿಂತಿದೆ, ನಾನು ಕರೆಯುವುದಿಲ್ಲ ಎಂದೆ. ಅವನ ಹಿಂದಿನಿಂದ ಬೆಳ್ಳಿಯ ಉಸಿರು ಕೇಳುತ್ತಿತ್ತು. ಇಷ್ಟು ವರ್ಷದ ಮೇಲೂ ಆ ಉಸಿರು ನನಗೆ ಗುರುತು ಸಿಕ್ಕಿತು.

ಶಮೀಮ ಎದುರಿಗೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಸಾಯುವವರ ಹಾಸಿಗೆಯ ಪಕ್ಕ ಅವಳು ಕೂತಷ್ಟು ಯಾರೂ ಕೂತಿಲ್ಲ. ನನ್ನ ತಟ್ಟೆಯನ್ನು ಆಚೆ ಸರಿಸಿ, ಉರ್ದುವಿನಲ್ಲಿ, ಮೆಲ್ಲಗೆ ಹೇಳಿದಳು:

"ಅವಳು ಹೋಗುವುದಂತೂ ಹೋಗುತ್ತಾಳೆ. ಹೊಡೆತ ತಿಂದು ಹೋಗಬೇಕೋ, ನಿಮ್ಮ ದನಿ ಕೇಳುತ್ತಾ ಹೋಗಬೇಕೋ, ಅಷ್ಟು ಮಾತ್ರ ನಿಮ್ಮ ಕೈಯಲ್ಲಿದೆ."

ನಾನು ಫೋನನ್ನು ಬಾಯಿಗೆ ಹಿಡಿದೆ. ಗಾಡಿಯ ಒಳಗೆ ಹೋಗಿ ನಿಂತು ಸ್ಪೀಕರ್ ಹಾಕು ಎಂದು ಡೇವ್‌ಗೆ ಹೇಳಿದೆ. ನಡುಗುವ ದನಿಯಲ್ಲಿ ಕರೆದರೆ ಅದಕ್ಕೆ ತಿಳಿದುಬಿಡುತ್ತದೆ ಎಂದು ಒಂದು ಗುಟುಕು ನೀರು ಕುಡಿದೆ. ಆಮೇಲೆ ಹಾಲಿನ ಬಾಟಲಿ ಹಿಡಿದು ಕರೆಯುತ್ತಿದ್ದೆನಲ್ಲ, ಅದೇ ದನಿಯಲ್ಲಿ ಕರೆದೆ.

"ಬಾರವ್ವ ಬೆಳ್ಳಿ. ಬಾ ನನ್ನವ್ವ. ಇಲ್ಲೇ ಅದೀನಿ ಬಾ."

ಆ ಕಡೆಯಿಂದ ಒಂದು ಸಣ್ಣ ಕೂಗು, ಕರುವಾಗಿದ್ದಾಗ ಕೂಗುತ್ತಿದ್ದಂಥದೇ. ಆಮೇಲೆ ಹಲಗೆಯ ಮೇಲೆ ಗೊರಸು, ಒಂದು, ಇನ್ನೊಂದು, ಮತ್ತೆ ಒಳಗೆ ಬಂದ ಸದ್ದು. ಫೋನಿಗೆ ಅದರ ಮೂಗು ತಾಗಿತು ಎಂದು ಕಾಣುತ್ತದೆ, ಬಿಸಿ ಉಸಿರು ಗಾಳಿಯ ಹಾಗೆ ಕೇಳಿಸಿತು. ನನ್ನನ್ನು ಹುಡುಕುತ್ತಿತ್ತು. ಡೇವ್ ಹೊರಗೆ ಬಂದು ಬಾಗಿಲು ಮುಚ್ಚಿದ ಸದ್ದಾಯಿತು. ನಾನು ಮಾತು ನಿಲ್ಲಿಸಲಿಲ್ಲ, ಡೇವ್ ಕೂಡ ಫೋನು ಕಟ್ ಮಾಡಲಿಲ್ಲ. ಗಾಡಿ ಹೊರಟು ಸದ್ದು ದೂರವಾಗುವವರೆಗೂ ಬಾರವ್ವ, ಬಾರವ್ವ ಎನ್ನುತ್ತಲೇ ಇದ್ದೆ.

ಕೆಲವು ವಾರಗಳ ಮೇಲೆ ಡೇವ್ ಒಂದು ತುಂಡು ಮಾಂಸವನ್ನು ಲಾಸ್ ಆಲ್ಟೋಸ್‌ಗೆ ಕಳಿಸಿಕೊಟ್ಟ. ರೂತ್‌ಳ ರಾಂಚಿನ ಕೊನೆಯ ಆಕಳು, ಆಕೆ ರುಚಿ ನೋಡಬೇಕು ಎಂದು. ಆಕೆಯ ಮಗ ನನ್ನನ್ನೂ ಕರೆದ. ಹೋಗಬಾರದು ಎಂದುಕೊಂಡೆ, ಆದರೂ ಹೋದೆ. ರೂತ್ ಕಿಟಕಿಯ ಹತ್ತಿರ ಕೂತಿದ್ದಳು. ನನ್ನ ಗುರುತು ಹತ್ತಲಿಲ್ಲ. ತೋಟದ ಕೆಲಸದವನು ಎಂದುಕೊಂಡು ಹುಲ್ಲು ಒಣಗಿದೆ ಎಂದು ಗದರಿದಳು. ಮಗ ಬರೀ ಉಪ್ಪು ಹಾಕಿ ಸುಟ್ಟು ತಂದಿಟ್ಟ. ಯಾವ ಆಕಳು ಎಂದು ಇಬ್ಬರೂ ಹೇಳಲಿಲ್ಲ.

ರೂತ್ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಮುಖದಲ್ಲಿ ಹಳೆಯ ಯಜಮಾನಿ ಮರಳಿ ಬಂದಳು.

"ವಯಸ್ಸಾದ ಆಕಳು," ಎಂದಳು. "ಸ್ವಲ್ಪವೂ ಹೆದರಿಲ್ಲ. ಇದನ್ನು ಗಾಡಿ ಹತ್ತಿಸಿದ್ದು ಯಾರು?"

"ನಾನು," ಎಂದೆ.

ಆಕೆ ನನ್ನನ್ನು ನೋಡಿದಳು. ಗುರುತು ಹಿಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೈ ಚಾಚಿ ನನ್ನ ಕೈಯ ಮೇಲಿಟ್ಟು, ಬಹಳ ಒಳ್ಳೆಯ ಕೆಲಸ ಮಾಡಿದ್ದೀಯ ಎಂದಳು. ಆ ಮಾತನ್ನು ಆಕೆಯ ಬಾಯಿಂದ ಕೇಳಬೇಕು ಎಂದು ಮೊದಲ ಗೊರಸಿನ ದಿನದಿಂದ ಕಾದಿದ್ದೆ. ಸಿಕ್ಕಾಗ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತು ಮುಖ ಮುಚ್ಚಿಕೊಂಡೆ.

ಅನಘಾ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಅಭ್ಯಾಸವಾಗುವುದಿಲ್ಲ. ಅಭ್ಯಾಸವಾದವರ ಕೈಗೆ ದನ ಕೊಡಬಾರದು. ಈ ಕೆಲಸಕ್ಕೆ ಹೋಗಬೇಡ ಎಂದು ನಾನು ಹೇಳುವುದಿಲ್ಲ, ಸುಮನಾ ನನ್ನನ್ನು ಬೈದುಕೊಂಡರೂ ಸರಿ. ಯಾರಾದರೂ ಮಾಡುತ್ತಾರೆ, ಕರೆಂಟಿನ ಕೋಲಿನವರಿಗಿಂತ ನೀನು ಮಾಡುವುದು ಮೇಲು.

ಒಂದೇ ಒಂದು ಮಾತು ನಡೆಸಿಕೊಡು. ದನಗಳನ್ನು ಕರೆಯಲು ಬೇರೆಯದೇ ಒಂದು ಮಾತು ಇಟ್ಟುಕೋ, ನಿನ್ನ ಮನೆಯವರನ್ನು ಕರೆಯುವ ಮಾತಿನಿಂದ ಅವನ್ನು ಕರೆಯಬೇಡ. ನಸ್ರೀನ್ ದಿನಾ ಸಂಜೆ ಆಫೀಸು ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನನ್ನ ಕಡೆ ನೋಡುತ್ತಾಳೆ, ಚಿಕ್ಕವಳಿದ್ದಾಗಿನಿಂದ ಕೇಳಿದ ಆ ಮಾತಿಗಾಗಿ ಒಂದು ಗಳಿಗೆ ಕಾಯುತ್ತಾಳೆ. ನನಗೆ ಕರೆಯಲು ಆಗುವುದಿಲ್ಲ. ಬಂದೆಯಾ ಎಂದಷ್ಟೇ ಕೇಳುತ್ತೇನೆ.